ಜಾರ್ಜಿಯನ್ ಮನೆಗೆ ಬ್ಯಾಂಕು ಬರಬಹುದೇ?

ಪರ: ಹಿತ್ತಲಿಗೆ ಕಟ್ಟಿದರೆ ಮುಂಬಾಗ ಉಳಿಯುತ್ತದೆ

ಎಡಿನ್‌ಬರೊದ ಸೇಂಟ್ ಆಂಡ್ರ್ಯೂ ಚೌಕದಲ್ಲಿರುವ ಡಂಡಾಸ್ ಹೌಸ್ ನೋಡಿ. ವಿಲಿಯಂ ಚೇಂಬರ್ಸ್ ನಕ್ಷೆಯಂತೆ 1774ರಲ್ಲಿ ಮುಗಿದ ಜಾರ್ಜಿಯನ್ ಮನೆ, ಅಂದರೆ ಬ್ರಿಟನ್ನಿನಲ್ಲಿ ಜಾರ್ಜ್ ಹೆಸರಿನ ರಾಜರು ಆಳುತ್ತಿದ್ದ ಕಾಲದ್ದು. ಏಳೇ ವರ್ಷಕ್ಕೆ ಯಜಮಾನ ಲಾರೆನ್ಸ್ ಡಂಡಾಸ್ ತೀರಿಕೊಂಡ. 1794ರಲ್ಲಿ ಅದು ಅಬಕಾರಿ ಕಚೇರಿಯಾಯಿತು, 1825ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಕೈಸೇರಿತು. ಅಷ್ಟು ದೊಡ್ಡ ಮನೆಯ ಚಾವಣಿಗೆ ವರ್ಷವರ್ಷ ದುಡ್ಡು ಸುರಿಯಲು ಬ್ಯಾಂಕಿನಂಥ ಒಡೆಯನೇ ಬೇಕು.

1857ರಲ್ಲಿ ವಾಸ್ತುಶಿಲ್ಪಿ ಜಾನ್ ಡಿಕ್ ಪೆಡ್ಡಿ ಬ್ಯಾಂಕಿನ ವ್ಯವಹಾರದ ಹಜಾರವನ್ನು ಮನೆಯ ಬೆನ್ನಿಗೆ ಕಟ್ಟಿದ. ಚೌಕದಿಂದ ನೋಡಿದರೆ ಇಂದಿಗೂ ಕಾಣುವುದು ತಲೆಯಲ್ಲಿ ಎಲೆಗಳ ಕೆತ್ತನೆಯಿರುವ ಕೊರಿಂಥಿಯನ್ ಅರೆಗಂಬಗಳ ಮುಂಬಾಗವೇ; ಹಜಾರದ ಸುಳಿವೂ ಇಲ್ಲ. ಒಳಗೆ ಚೌಕಾಕಾರದ ಕೋಣೆ, ನಾಲ್ಕು ಕಡೆ ಅಗಲವಾದ ಕಮಾನು, ಮೂಲೆಗಳ ಬಾಗಿದ ತ್ರಿಕೋನಗಳ ಮೇಲೆ ಕೂತ ಕಬ್ಬಿಣದ ಗುಮ್ಮಟ. ಗುಮ್ಮಟದ ತುಂಬ ಗಾಜು ಕೂರಿಸಿದ ನಕ್ಷತ್ರದ ಬೆಳಕಿಂಡಿಗಳು, ಮೇಲಕ್ಕೆ ಹೋದಂತೆ ಚಿಕ್ಕದಾಗುತ್ತವೆ. ಅಂದಕ್ಕಷ್ಟೇ ಅಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುವ ಊರು ಅದು. ಪಕ್ಕದ ಕಿಟಕಿಯ ಬೆಳಕು ಹಜಾರದ ನಡುವಿನ ಲೆಡ್ಜರಿಗೆ ಎಟಕದು, ಎಟಕಿದರೂ ಬರೆಯುವ ಕೈಯದೇ ನೆರಳು. ತಲೆಯ ಮೇಲಿನಿಂದ ಹರಡಿ ಬೀಳುವ ಬೆಳಕಿಗೆ ಆ ತೊಂದರೆಯಿಲ್ಲ. 1987ರಲ್ಲಿ ಬಂದ ಆ ಬ್ಯಾಂಕಿನ ನೋಟುಗಳ ಹಿನ್ನೆಲೆಯಲ್ಲೂ ಇದೇ ನಕ್ಷತ್ರಗಳಿದ್ದವು.

ವಿರೋಧ: ಎಲ್ಲರಿಗೂ ಡಂಡಾಸನ ಹಿತ್ತಲಿಲ್ಲ

ಒಂಟಿಯಾಗಿ ನಿಂತ ಬಂಗಲೆಯ ಲೆಕ್ಕ ಸಾಲುಮನೆಗೆ ಹೊಂದದು. ಲಂಡನ್, ಡಬ್ಲಿನ್ನಿನ ಜಾರ್ಜಿಯನ್ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡವು. ಮಹಡಿಗೆ ಮುಂದೊಂದು, ಹಿಂದೊಂದು ಕೋಣೆ. ಅಲ್ಲಿ ಕೌಂಟರ್ ಹಾಕಬೇಕಾದರೆ ಮೊದಲು ಬೀಳುವುದು ಈ ಎರಡು ಕೋಣೆಗಳ ನಡುವಿನ ಗೋಡೆ. ಮರದ ಚೌಕಟ್ಟಿಗೆ ಪಟ್ಟಿ ಹೊಡೆದು ಗಾರೆ ಬಳಿದ ಆ ತೆಳು ಗೋಡೆ ಬರೀ ಅಡ್ಡಗೋಡೆಯಂತೆ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಮೇಲಿನ ತೊಲೆಗಳ ಭಾರ ಹೊತ್ತಿರುವುದು ಅದೇ. ಬದಲಿಗೆ ಉಕ್ಕಿನ ತೊಲೆ ಕೊಟ್ಟರೆ ಹರಡಿದ್ದ ಭಾರವೆಲ್ಲ ಅದರ ಎರಡು ತುದಿಗೆ ಬಂದು, ಸುಣ್ಣದ ಗಾರೆಯ ಮೆತ್ತನೆ ಇಟ್ಟಿಗೆಯನ್ನು ಅರೆಯುತ್ತದೆ. ತುದಿಯಡಿ ಭಾರ ಹರಡುವ ಕಲ್ಲು ಕೊಡದಿದ್ದರೆ ಬಿರುಕು ಖಂಡಿತ. ಮೊದಲ ಸೂಚನೆ ಮೇಲ್ಮಹಡಿಯಲ್ಲಿ: ಬಾಗಿಲು ಚೌಕಟ್ಟಿಗೆ ಉಜ್ಜತೊಡಗುತ್ತದೆ.

ಭಾರದ ಲೆಕ್ಕವೂ ಬೇರೆ. ವಾಸದ ಮನೆಯ ನೆಲಕ್ಕೆ ಬ್ರಿಟನ್ನಿನಲ್ಲಿ ಚದರ ಮೀಟರಿಗೆ ಸುಮಾರು 150 ಕಿಲೊ ಹಿಡಿದರೆ, ಕಚೇರಿಗೆ ಸುಮಾರು 250. ತಿಜೋರಿಗೆ ನೆಲಮಾಳಿಗೆಯೇ ಗತಿ, ಅಲ್ಲಿ ತೇವ. ತೇವಕ್ಕೆ ಹೆದರಿ ಸಿಮೆಂಟ್ ಬಳಿದರೆ ನೀರು ಹೊರಬರಲಾಗದೆ ಗೋಡೆಯಲ್ಲೇ ಮೇಲೇರುತ್ತದೆ. ಬಳಸದ ಅಗ್ಗಿಷ್ಟಿಕೆಯನ್ನು ಪೂರ್ತಿ ಮುಚ್ಚಿದಲ್ಲೂ ಅಷ್ಟೇ: ಗಾಳಿಗೊಂದು ಜಾಲರಿ ಬಿಡದಿದ್ದರೆ ಹೊಗೆಗೂಡಿನೊಳಗೆ ತೇವ ಕಟ್ಟಿ ಮಸಿಯ ಕಂದು ಕಲೆ ಗಾರೆಗೆ ಇಳಿಯುತ್ತದೆ, ಎಷ್ಟು ಬಣ್ಣ ಹೊಡೆದರೂ ಮತ್ತೆ ಮೂಡುತ್ತದೆ.

ಇನ್ನು ಎಟಿಎಂ. ಕಿಟಕಿಯ ಹೊಸ್ತಿಲಡಿ ಕೊರೆದ ತೂತು ಬ್ಯಾಂಕು ಎದ್ದುಹೋದ ಮೇಲೂ ಉಳಿಯುತ್ತದೆ. ತೇಪೆ ಹಾಕಿದ ಕಲ್ಲಿನ ಬಣ್ಣ ಹಳೆಯದಕ್ಕೆ ಕೂಡುವುದೇ ಇಲ್ಲ.