ಕೂಗುಮಾರಿ ಡಬ್ಬಿ

ರಾತ್ರಿ ಎರಡೂಕಾಲಿಗೆ ಫೋನ್ ಬಂದರೆ ನಮ್ಮ ವಯಸ್ಸಿನವರಿಗೆ ಎದೆ ಧಸಕ್ ಅನ್ನುತ್ತದೆ. ಊರಲ್ಲಿ ಯಾರಿಗೆ ಏನಾಯಿತೋ ಅಂತ. ಕನ್ನಡಕ ತಡಕಾಡಿ, ಅದು ಸಿಗದೆ, ಕಣ್ಣು ಕಿರಿದು ಮಾಡಿ ನೋಡಿದರೆ ವಾಚ್‌ಮನ್ ನಂಬರ್.

"ಸರ್ರ, ನಿಮ್ಮ ಡಬ್ಬಿ ಹೊಯ್ಕೊಳ್ಳಾಕ ಹತ್ತೈತ್ರಿ."

ಡಬ್ಬಿ ನನ್ನದಲ್ಲ, ಅಪಾರ್ಟ್‌ಮೆಂಟಿನದು. ಆದರೆ ಆ ಹೊತ್ತಿನಲ್ಲಿ ಅದನ್ನು ವಾದಿಸೋಕೆ ಆಗುತ್ತಾ? ಪಂಚೆ ಸರಿ ಮಾಡಿಕೊಂಡು ಕೆಳಗಿಳಿದೆ.

ಇದು ನನ್ನ ತಲೆಗೆ ಬಂದದ್ದು ಹೀಗೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ 48 ಮನೆ. ಸಂಪಿನಲ್ಲಿ ಮಾತ್ರ ತ್ರಿವೇಣಿ ಸಂಗಮ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಏರಿ ಬರುವ ಕಾವೇರಿ, ನಮ್ಮದೇ ಬೋರ್‌ವೆಲ್, ಇವೆರಡೂ ಕೈಕೊಟ್ಟಾಗ ಟ್ಯಾಂಕರ್. ಕಾವೇರಿ ನೀರಿಗೆ ಕ್ಲೋರಿನ್ ಹಾಕಿಯೇ ಕಳಿಸುತ್ತಾರೆ. ಬೋರ್ ನೀರಿನಲ್ಲಿ ಅದು ಇರೋದಿಲ್ಲ. ಟ್ಯಾಂಕರಿನದು ದೇವರಿಗೇ ಗೊತ್ತು. ಮೊದಲೆಲ್ಲ ವಾಚ್‌ಮನ್ ಕೈಯಳತೆಯಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ಹಾಕುತ್ತಿದ್ದ. ಅವನ ಕೈ ದೊಡ್ಡದು ಅಂತ ಒಬ್ಬರು ಮೀಟಿಂಗಿನಲ್ಲಿ ತಕರಾರು ತೆಗೆದರು. ನೀರಿನಲ್ಲಿ ಎಷ್ಟು ಕ್ಲೋರಿನ್ ಇದೆ ಅಂತ ಅಳೆಯುವ ಕ್ಲೋರಿನ್ ಅನಲೈಸರ್ ತರೋಣ ಅಂತಾಯಿತು. "ಇಲ್ಲಿ ಕೆಮಿಸ್ಟ್ರಿ ಓದಿದವರು ಯಾರಿದ್ದೀರಿ?" ಅಂದಾಗ ನನ್ನ ಬಾಯಲ್ಲಿ ಬೋಂಡ ಇತ್ತು. ಇಲ್ಲ ಅನ್ನೋಕೆ ಆಗಲಿಲ್ಲ.

ಯಂತ್ರ ನೋಡೋಕೆ ಚೆಂದ. ಸಂಪಿನ ಪಕ್ಕದ ಗೋಡೆಗೆ ನೇತುಹಾಕಿದ ಪೆಟ್ಟಿಗೆ, ಮುಂದೆ ಬಾಗಿಲು. ಒಳಗೆ ಎರಡು ಔಷಧಿ ಬಾಟಲಿ, ಸಣ್ಣ ಕೊಳವೆಗಳು, ನಡುವೆ ಬೆರಳಿನಷ್ಟು ಗಾಜು. ಎರಡೂವರೆ ನಿಮಿಷಕ್ಕೊಮ್ಮೆ ಟಕ್ ಅಂತ ಒಂದು ಗುಟುಕು ನೀರು ಎಳೆದುಕೊಳ್ಳುತ್ತದೆ. ಅದಕ್ಕೆ ಡಿಪಿಡಿ ಅನ್ನೋ ಔಷಧಿ ಬೆರೆಸುತ್ತದೆ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ಮೊದಲ ದಿನ ನಾವು ನಾಲ್ಕೈದು ಜನ ಮಂಗಳಾರತಿಗೆ ನಿಂತ ಹಾಗೆ ಅದರ ಮುಂದೆ ನಿಂತಿದ್ದೆವು.

ಕೂರಿಸಲು ಬಂದ ಹುಡುಗ ಎರಡು ಫೋನ್ ಕರೆಗಳ ನಡುವೆ ಎಲ್ಲ ಹೇಳಿಕೊಟ್ಟ. "ಮೆನು ಒತ್ತಿ ಸಾರ್, ಸೆಟಪ್, ಅಲಾರಂ, ಎಂಟರ್. ಅಷ್ಟೇ." ಬೈಕ್ ಏರಿ ಹೋದ. ಆ 'ಅಷ್ಟೇ' ಒಳಗೆ ಏನೆಲ್ಲ ಅಡಗಿತ್ತು ಅಂತ ನನಗೆ ತಿಳಿಯಲು ಎರಡು ವಾರ ಬೇಕಾಯಿತು.

ಕುಡಿಯುವ ನೀರಿಗೆ ಐಎಸ್ 10500 ಅಂತ ಒಂದು ಮಾನದಂಡವಿದೆ. ಅದರಂತೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಾನು ಓದಿದವನಲ್ಲವಾ, ಸರಿಯಾಗಿ 0.2ಕ್ಕೇ ಅಲಾರಂ ಇಟ್ಟೆ. ಆ ರಾತ್ರಿ ತಡವಾಗಿ ಟ್ಯಾಂಕರ್ ಬಂದಿತ್ತು, ಪಂಪ್ ಓಡುತ್ತಲೇ ಇತ್ತು. ನೀರು 0.19, 0.21, ಮತ್ತೆ 0.19 ಅಂತ ಜೋಕಾಲಿ ಆಡುತ್ತಿತ್ತು. ಕೆಳಗಿಳಿದರೆ ಪೀಂ ಅಂತ ಕೂಗು, ಮೇಲೇರಿದರೆ ಗಪ್‌ಚುಪ್. ಎರಡೂವರೆ ನಿಮಿಷ ಬಿಟ್ಟು ಮತ್ತೆ ಪೀಂ. ಒಂದೇ ಸಮ ಕೂಗಿದ್ದರೆ ಜನ ಹೊಂದಿಕೊಂಡು ಮಲಗುತ್ತಿದ್ದರೋ ಏನೋ. ಇದು ಹಾಗಲ್ಲ, ಇನ್ನೇನು ಜೋಂಪು ಹತ್ತಬೇಕು, ಆಗಲೇ ಕೂಗುತ್ತದೆ.

ಬೆಳಿಗ್ಗೆ ಕಂಪನಿಗೆ ಫೋನ್ ಮಾಡಿದೆ. "ಡೆಡ್‌ಬ್ಯಾಂಡ್ ಸೊನ್ನೆ ಇದೆ ಸಾರ್" ಅಂದರು. ಅಂದರೆ 0.2ಕ್ಕೆ ಕೂಗು ಶುರುವಾದರೆ, 0.25 ಮುಟ್ಟಿದ ಮೇಲೇ ನಿಲ್ಲಬೇಕು ಅಂತ ನಡುವೆ ಒಂದಿಷ್ಟು ಜಾಗ ಬಿಡಬೇಕಂತೆ. ಬಿಟ್ಟೆ. ಜೊತೆಗೆ 'ಡಿಲೇ' ಅಂತ ಒಂದು ಕಂಡಿತು. ನೀರು ಕಡಿಮೆ ತೋರಿಸಿದರೂ ಅಷ್ಟು ಹೊತ್ತು ಕಾದು ಆಮೇಲೆ ಕೂಗು ಅನ್ನೋ ಅಪ್ಪಣೆ. 30 ಅಂತ ಒತ್ತಿದೆ. ಅರ್ಧ ಗಂಟೆ ಕಾಯುತ್ತದಲ್ಲ, ಸಾಕು ಅಂದುಕೊಂಡೆ. ಅದು ಸೆಕೆಂಡು.

ಮರುರಾತ್ರಿ, ಎರಡೂಕಾಲು. "ಸರ್ರ..."

ಈ ಸಲ ಜೋಕಾಲಿ ಇಲ್ಲ. ಪರದೆ ಮೇಲೆ 0.08. ಸಂಪಿನ ನೀರನ್ನು ನನ್ನ ಕೈಯಾರೆ ಪರೀಕ್ಷೆ ಮಾಡಿದರೆ 0.4 ಇದೆ. ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತ ಮೇಲೆ ಹೊಳೆಯಿತು. ಯಂತ್ರಕ್ಕೆ ನೀರು ಬರೋದು ಮೇಲಿನ ಟ್ಯಾಂಕಿಗೆ ಹೋಗುವ ಪೈಪಿನಿಂದ. ರಾತ್ರಿ ಹತ್ತೂವರೆಗೆ ಪಂಪ್ ಆಫ್. ಆಮೇಲೆ ಪೈಪಿನಲ್ಲಿ ನಿಂತ ನೀರಿನ ಕ್ಲೋರಿನ್ ತಾನಾಗಿ ಸವೆಯುತ್ತದೆ. ಯಂತ್ರ ಅದೇ ಹಳೇ ನೀರನ್ನು ಗುಟುಕು ಗುಟುಕಾಗಿ ಕುಡಿದು, ಅಯ್ಯೋ ಇಲ್ಲವಲ್ಲ ಅಂತ ಬೊಬ್ಬೆ ಹಾಕುತ್ತಿದೆ. ಪಾಪ, ಸುಳ್ಳೇನೂ ಹೇಳುತ್ತಿಲ್ಲ.

ಪಂಪ್ ನಿಂತಾಗ ಅಲಾರಂ ಕೂಡ ನಿಲ್ಲುವ ಹಾಗೆ ವೈರ್ ಎಳೆಸಬೇಕಿತ್ತು. ಅದಕ್ಕೆ ಖರ್ಚು, ಖರ್ಚಿಗೆ ಮೀಟಿಂಗ್, ಮೀಟಿಂಗಿಗೆ ಬೋಂಡ. ನಾನು ಪುಕ್ಕಟೆ ದಾರಿ ಹಿಡಿದೆ. ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಅಲಾರಂ ಬೇಡ ಅಂತ ಟೈಮರ್ ಇಟ್ಟೆ. ಯಂತ್ರದೊಳಗಿನ ಗಡಿಯಾರ ಎಷ್ಟು ಗಂಟೆ ತೋರಿಸುತ್ತಿದೆ ಅಂತ ಮಾತ್ರ ನೋಡಲಿಲ್ಲ. ಅದು ಸರಿಯಾಗಿ ಹನ್ನೆರಡು ಗಂಟೆ ಹಿಂದಿತ್ತು. ಹಾಗಾಗಿ ಯಂತ್ರಕ್ಕೆ ಹಗಲು ನಿದ್ದೆ, ನಮಗೆ ಶಿವರಾತ್ರಿ ಜಾಗರಣೆ. ಮೂರನೇ ರಾತ್ರಿ ಕೆಳಗೆ ಹೋದಾಗ ಡಬ್ಬಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ 'ನಾಳೆ ಬಾ' ಅಂತ ಬರೆದಿತ್ತು. ವಾಚ್‌ಮನ್ ಮುಖ ನೋಡಿದೆ. "ನಮ್ಮೂರಾಗ ಬಾಗಿಲಿಗೆ ಬರೀತಿದ್ರು ಸರ್ರ. ಕೂಗುಮಾರಿ ಓದಿಕೊಂಡು ಹೊಳ್ಳಿ ಹೋಗತೈತಿ" ಅಂದ. ಯಂತ್ರದಲ್ಲೂ ಅಂಥದ್ದೇ ಒಂದು ಬಟನ್ ಇದೆ. ಒತ್ತಿದರೆ ಸದ್ಯಕ್ಕೆ ಬಾಯಿ ಮುಚ್ಚುತ್ತದೆ, ಆಮೇಲೆ ಮತ್ತೆ ಬರುತ್ತದೆ. ಇಬ್ಬರದೂ ಒಂದೇ ತಂತ್ರ ಅಂತ ಸುಮ್ಮನಾದೆ.

ಗಡಿಯಾರ ನಾಳೆ ನೋಡೋಣ ಅಂತ ಬಿಟ್ಟದ್ದು ಎರಡನೇ ವಾರ ತಿರುಗಿ ಬಡಿಯಿತು. ಹೈಪೋ, ಅಂದರೆ ಕ್ಲೋರಿನ್ ದ್ರಾವಣ, ಸುರಿಯುವ ಸಣ್ಣ ಡೋಸಿಂಗ್ ಪಂಪನ್ನು ಆ ವಾರ ಇದಕ್ಕೇ ಜೋಡಿಸಿದ್ದರು. ಕ್ಲೋರಿನ್ 0.3ಕ್ಕಿಂತ ಕಡಿಮೆಯಾದರೆ ಪಂಪ್ ಶುರು, 0.6 ದಾಟಿದರೆ ಬಂದ್. ಕೇಳೋಕೆ ಎಷ್ಟು ಸಲೀಸು! ಆದರೆ ಹೈಪೋ ಬೀಳೋದು ಸಂಪಿನ ಆ ತುದಿಯಲ್ಲಿ, ಯಂತ್ರ ರುಚಿ ನೋಡೋದು ಈ ತುದಿಯಲ್ಲಿ. ಅಲ್ಲಿಂದ ಇಲ್ಲಿಗೆ ಬರೋಕೆ ಅರ್ಧ ಗಂಟೆ. ಅಷ್ಟೂ ಹೊತ್ತು ಯಂತ್ರ 'ಇನ್ನೂ ಇಲ್ಲ, ಇನ್ನೂ ಇಲ್ಲ' ಅನ್ನುತ್ತದೆ, ಪಂಪ್ ಸುರಿಯುತ್ತಲೇ ಇರುತ್ತದೆ. ಜಾಸ್ತಿಯಾದರೆ ಕೂಗಲಿ ಅಂತ ಇನ್ನೊಂದು ಅಲಾರಂ ಇಟ್ಟಿದ್ದೆ. ಅದು ಹಗಲು ನಿದ್ದೆಯಲ್ಲಿತ್ತು.

ಶನಿವಾರ ಮಧ್ಯಾಹ್ನ ಮೂರನೇ ಮಹಡಿಯ ಅಜ್ಜಿ ಇಂಟರ್‌ಕಾಮಿನಲ್ಲಿ ಕೇಳಿದರು. "ಏನಪ್ಪಾ, ಅನ್ನ ಈಜುಕೊಳದಲ್ಲಿ ಬೇಯಿಸಿದ ಹಾಗಿದೆ. ನಿನ್ನ ಮೆಷೀನು ಏನನ್ನುತ್ತೆ?" ಓಡಿಹೋಗಿ ನೋಡಿದರೆ 2.8, ಇನ್ನೂ ಏರುತ್ತಿದೆ. ಡೋಸಿಂಗ್ ಪಂಪಿನ ಪ್ಲಗ್ ಕಿತ್ತೆ. 48 ಮನೆಗೂ ಕುಡಿಯೋಕೆ ಕ್ಯಾನ್ ನೀರು, ಸಂಪ್ ತಿಳಿಯಾಗಿಸೋಕೆ ಎರಡು ಟ್ಯಾಂಕರ್. ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯೋದಿಲ್ಲ. ಆಮೇಲೆ ಕಂಪನಿಯವರು ಇನ್ನೊಂದು ವಿಷಯ ಹೇಳಿದರು. ಕ್ಲೋರಿನ್ ವಿಪರೀತವಾದರೆ ಆ ಗುಲಾಬಿ ಬಣ್ಣವನ್ನೇ ತಿಂದುಹಾಕುತ್ತದಂತೆ. ಆಗ ಯಂತ್ರ 'ನೀರಿನಲ್ಲಿ ಏನೂ ಇಲ್ಲ' ಅಂತ ತೋರಿಸುತ್ತದೆ. ಪಂಪ್ ಇನ್ನಷ್ಟು ಸುರಿಯುತ್ತದೆ. ಕೇಳಿ ಬೆನ್ನಲ್ಲಿ ಬೆವರು ಬಂತು.

ಮನೆಗೆ ಬಂದು ಹೆಂಡತಿಗೆ ಎಲ್ಲ ವಿವರಿಸಿದೆ. ಅವಳು ಒಗ್ಗರಣೆ ಸೌಟು ಕೆಳಗಿಡದೆ ಅಂದಳು, "ಸಾರಿಗೆ ಉಪ್ಪು ಹಾಕಿದ ತಕ್ಷಣ ಮೇಲಿನ ತಿಳಿ ರುಚಿ ನೋಡಿ, ಸಾಲದು ಅಂತ ಇನ್ನೊಂದು ಚಮಚ ಹಾಕಿದ ಹಾಗಾಯ್ತು. ಒಂದು ಕುದಿ ಬರೋವರೆಗೆ ಕಾಯಬೇಕು ಅಲ್ವಾ ರೀ?" ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದಕ್ಕೆ ಒಂಬತ್ತು ಪುಟ ಇತ್ತು.

ಅವಳ ಲೆಕ್ಕದಂತೆಯೇ ಟೈಮರ್ ಬದಲಾಯಿಸಿದೆ. ಡೋಸಿಂಗ್ ಪಂಪ್ ಒಂದು ನಿಮಿಷ ಓಡಬೇಕು, ಮೂವತ್ತು ನಿಮಿಷ ತೆಪ್ಪಗಿರಬೇಕು. ಗಡಿಯಾರವನ್ನೂ ಸರಿ ಮಾಡಿದೆ. ಮೂರು ವಾರ ಎಲ್ಲರೂ ಚೆನ್ನಾಗಿ ಮಲಗಿದೆವು. ಅಜ್ಜಿ ಮಾತ್ರ ದಿನಾ ಬೆಳಿಗ್ಗೆ ಕಾಫಿ ಕುಡಿದು ತಮ್ಮ ರೀಡಿಂಗ್ ಕೊಡುತ್ತಿದ್ದರು, "ಇವತ್ತು ಪರವಾಗಿಲ್ಲ" ಅಂತ.

ತಿಂಗಳಾದ ಮೇಲೆ ಔಷಧಿ ಬಾಟಲಿ ಬದಲಿಸಲು ಅದೇ ಹುಡುಗ ಬಂದ. ಬಾಗಿಲ ಮೇಲಿನ ಬರಹ ನೋಡಿ ನಕ್ಕು, ಒದ್ದೆ ಬಟ್ಟೆಯಲ್ಲಿ ಒರೆಸಿದ. ಒಳಗೇನೋ ಒತ್ತಿದ, ಹೋದ.

ರಾತ್ರಿ ಎರಡೂಕಾಲಿಗೆ ಫೋನ್.

ಟಾರ್ಚ್ ಬಿಟ್ಟು ನೋಡಿದರೆ ನನ್ನ ಸೆಟ್ಟಿಂಗ್ ಒಂದೂ ಉಳಿದಿಲ್ಲ. ಹುಡುಗ ಎಲ್ಲವನ್ನೂ ಫ್ಯಾಕ್ಟರಿಯಿಂದ ಬಂದ ದಿನದ ಹಾಗೆ ಮಾಡಿಟ್ಟು ಹೋಗಿದ್ದ. ವಾಚ್‌ಮನ್‌ಗೆ ಅದನ್ನೇ ತಿಳಿಸಿ ಹೇಳಿದೆ. ಅವನು ಒರೆಸಿದ ಜಾಗವನ್ನೇ ನೋಡುತ್ತಿದ್ದ.

"ಅದನ್ನ ಅಳಸಬಾರದಿತ್ರಿ ಸರ್ರ."

ಪೀಂ ಅಂತ ಇನ್ನೊಮ್ಮೆ ಕೂಗಿತು. ನಾನು ಟಾರ್ಚನ್ನು ಅವನ ಕೈಗೆ ಕೊಟ್ಟು ಸೀಮೆಸುಣ್ಣ ಇಸಿದುಕೊಂಡೆ.