ಕೆಲಸ ಹೋಯ್ತಾ? ತರಬೇತಿಗೆ ಬನ್ನಿ!

ಇಪ್ಪತ್ತು ವರ್ಷ ದುಡಿದವರನ್ನು ಒಂದು ವಿಡಿಯೊ ಕಾಲ್‌ನಲ್ಲಿ ಮನೆಗೆ ಕಳಿಸಿ, ಮಾರನೇ ದಿನ ಅವರಿಗೇ 'ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ' ಅಂತ ಆನ್‌ಲೈನ್ ತರಬೇತಿ ಇಡುತ್ತಾರಲ್ಲ, ಆ ತಲೆಗೆ ಸಲಾಂ ಹೊಡೆಯಲೇಬೇಕು. ಹಾಜರಾತಿ ಕಡ್ಡಾಯ ಅಲ್ಲವಂತೆ. ಪುಣ್ಯ!

ಮನೆಗೆ ಕಳಿಸುವ ಕಲೆಯಲ್ಲಿ ಮೊದಲ ಬಹುಮಾನ ಯಾರಿಗೆ ಕೊಡಬೇಕು ಅನ್ನೋದೇ ಕಷ್ಟ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಗೃಹಸಾಲ ಕಂಪನಿ ಬೆಟರ್ ಡಾಟ್ ಕಾಮ್‌ನ ಯಜಮಾನರು ಝೂಮ್‌ನಲ್ಲಿ ಸುಮಾರು 900 ಜನರ ಕಥೆ ಮುಗಿಸಿದ್ದು ನಿಮಗೆಲ್ಲ ನೆನಪಿರುತ್ತೆ. ಆದರೂ ಪಾಪ, ಅವರು ಖುದ್ದಾಗಿ ಬಂದು ಮಾತಾಡಿದ್ದರು. ಮೂರು ತಿಂಗಳು ಕಳೆದ ಮೇಲೆ ಬ್ರಿಟನ್ನಿನ ಪಿ ಅಂಡ್ ಒ ಫೆರೀಸ್ ಹಡಗು ಕಂಪನಿ ಸುಮಾರು 800 ಜನರಿಗೆ ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊ ಹಾಕಿತು. ರೆಕಾರ್ಡಿಂಗ್ ಜೊತೆ ಯಾರು ಜಗಳ ಆಡ್ತಾರೆ? ಯೂನಿಯನ್ನುಗಳ ಜೊತೆ ಮೊದಲು ಮಾತಾಡಬೇಕು ಅನ್ನೋ ಕಾನೂನು ಗೊತ್ತಿತ್ತು, ಬೇಕಂತಲೇ ಮಾತಾಡಲಿಲ್ಲ, ಯಾಕಂದರೆ ಅವರು ಒಪ್ಪುತ್ತಿರಲಿಲ್ಲ ಅಂತ ಕಂಪನಿಯ ಮುಖ್ಯಸ್ಥರು ಸಂಸದರ ಮುಂದೆ ಹೇಳಿಯೇ ಬಿಟ್ಟರು. ಇಂಥ ಪ್ರಾಮಾಣಿಕತೆ ಎಲ್ಲಿ ಸಿಗುತ್ತೆ ಹೇಳಿ! ಆಗ ಇಬ್ಬರ ಕುರ್ಚಿಯೂ ಭದ್ರವಾಗಿ ಉಳಿಯಿತು. ಝೂಮ್‌ನಲ್ಲಿ ಬಂದ ಯಜಮಾನರು ಕೆಲವು ವಾರ ರಜೆ ಮಾತ್ರ ಹಾಕಿದ್ದರು.

ಕೆಲಸ ಹೋದಾಗ ಎಷ್ಟು ನೋವಾಗುತ್ತೆ ಅನ್ನೋದಕ್ಕೂ ಅಂಕ ಇದೆ, ಗೊತ್ತಾ? 1967ರಲ್ಲಿ ಹೋಮ್ಸ್ ಮತ್ತು ರಾಹೆ ಅನ್ನೋ ಇಬ್ಬರು ಅಮೆರಿಕನ್ ಮನೋವೈದ್ಯರು ಬದುಕಿನ ಒತ್ತಡಗಳಿಗೆಲ್ಲ ಪಟ್ಟಿ ಮಾಡಿದರು. ಗಂಡನೋ ಹೆಂಡತಿಯೋ ತೀರಿಕೊಂಡರೆ 100. ಕೆಲಸ ಕಳೆದುಕೊಂಡರೆ 47. ಮದುವೆ ಆದರೆ 50! ಅಂದರೆ ಮದುವೆಯನ್ನೇ ತಡೆದುಕೊಂಡವರು ನೀವು, ಇದು ಯಾವ ಲೆಕ್ಕ ಅಂತ ಎಚ್‌ಆರ್‌ನವರು ಕೇಳಬಹುದು. ಬಾಸ್ ಜೊತೆ ಕಿರಿಕಿರಿಗೆ 23. ಕೆಲಸದ ಜೊತೆ ಬಾಸೂ ಹೋಗ್ತಾರಲ್ವಾ, ಕಳೆದರೆ ಉಳಿಯೋದು ಬರೀ 24. ಅತ್ತೆ-ಮಾವನ ಕಾಟಕ್ಕೇ 29 ಇದೆ ಸ್ವಾಮಿ.

ಆಮೇಲೆ ಸಮಾಧಾನ ಹೇಳುವವರು ಬರ್ತಾರೆ. ಎಲ್ಲರ ಬಾಯಲ್ಲೂ ಸ್ಟೀವ್ ಜಾಬ್ಸ್. 1985ರಲ್ಲಿ ಆಪಲ್‌ನಿಂದ ಹೊರಬಿದ್ದ, 1997ರಲ್ಲಿ ವಾಪಸ್ ಬಂದ, ನೋಡಿ! ನೋಡಿದ್ದೀವಿ. ಅವರು ಹೊರಬಿದ್ದಾಗ ಕೈಯಲ್ಲಿ ಆಪಲ್ ಷೇರುಗಳಿದ್ದವು, ಅವನ್ನು ಮಾರಿ ಇನ್ನೊಂದು ಕಂಪನಿ ಕಟ್ಟಿದರು. ಐವತ್ತು ದಾಟಿದ ಲೆಕ್ಕಪತ್ರದವರ ಕೈಯಲ್ಲಿ ಇರೋದು ಸಾಲದ ಕಂತು. ಅವರು ಏನು ಮಾರಬೇಕು?

ಇಲ್ಲಿಗೆ ನಗು ಸಾಕು. ನಿಜ ಹೇಳಬೇಕಂದರೆ ನನಗೆ ಸಿಟ್ಟು ಬರೋದು ಆ ರಾಜೀನಾಮೆ ಪತ್ರ ನೋಡಿದಾಗ. ದಬ್ಬಿದರು ಅಂತ ಕಾಗದದ ಮೇಲೆ ಬರಬಾರದಲ್ಲ, ಅದಕ್ಕೆ ಪತ್ರವನ್ನು ಕಂಪನಿಯವರೇ ಬರೆದು ತಂದಿರ್ತಾರೆ. 'ವೈಯಕ್ತಿಕ ಕಾರಣಗಳಿಂದ' ಅಂತ ಟೈಪ್ ಆಗಿರುತ್ತೆ, ಸಹಿ ಮಾಡೋ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುಂಡಗೆ ಗುರುತು ಹಾಕಿರ್ತಾರೆ. ಇಷ್ಟು ವರ್ಷ ದುಡಿದವರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿರುತ್ತೆ. ತಿದ್ದಿ ಅಂದರೆ, 'ಪರವಾಗಿಲ್ಲ ಸಾರ್, ಸಹಿ ಸರಿ ಇದ್ದರೆ ಸಾಕು' ಅಂತಾರೆ. ಥೂ! ಆ ಮನುಷ್ಯ ರಾತ್ರಿ ಎದ್ದು ಕೂತು ನಾನೇನು ತಪ್ಪು ಮಾಡಿದೆ ಅಂತ ಯೋಚಿಸ್ತಾನೆ. ಅವನಿಗೆ ಉಸಿರಾಟದ ವ್ಯಾಯಾಮ ಕಲಿಸ್ತೀರಾ? ಮೊದಲು ಬಾಕಿ ಇರೋ ದುಡ್ಡು ಕೊಡಿ. ಕಾರಣ ಏನು ಅಂತ ಮುಖ ನೋಡಿ ಹೇಳಿ. ಆ ಸುಳ್ಳು ಪತ್ರಕ್ಕೆ ಸಹಿ ಕೇಳಬೇಡಿ.

ಇನ್ನು ಸ್ವಲ್ಪ ದಿನಕ್ಕೆ ಆಫೀಸಿನಿಂದ ಫೋನ್ ಬರುತ್ತೆ. ಮಾಡೋದು, ನೀವೇ ಕೆಲಸ ಕಲಿಸಿ ಕೂರಿಸಿ ಬಂದ ಹುಡುಗ. 'ಸಾರ್, ಆ ಹಳೇ ಫೈಲ್ ಎಲ್ಲಿಟ್ಟಿದ್ದೀರಿ?' ಹುಡುಗನ ಮೇಲೆ ರೇಗಬೇಡಿ, ಅವನೂ ನೌಕರಿಯವನೇ. ಫೈಲ್ ಎಲ್ಲಿದೆ ಅನ್ನೋದಕ್ಕೂ ಒಂದು ಆನ್‌ಲೈನ್ ತರಬೇತಿ ಇಡ್ತೀನಿ, ಶುಲ್ಕ ಎಷ್ಟು ಅಂತ ಎಚ್‌ಆರ್‌ಗೆ ಮೇಲ್ ಮಾಡ್ತೀನಿ ಅಂತ ಹೇಳಿ.