ಟೈಗರ್ 131ರ ಎಂಜಿನ್: ಒಂದು ಸ್ಪಷ್ಟನೆ

ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿರುವ ಜರ್ಮನ್ ಟ್ಯಾಂಕ್ ಟೈಗರ್ 131 ಇವತ್ತಿಗೂ ತನ್ನ ಮೂಲ ಎಂಜಿನ್‌ನಲ್ಲೇ ಓಡುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ. ಅದು ತಪ್ಪು.

1943ರ ಏಪ್ರಿಲ್‌ನಲ್ಲಿ ಟ್ಯುನೀಶಿಯಾದಲ್ಲಿ ಬ್ರಿಟಿಷರ ಗುಂಡು ಬಡಿದು ಇದರ ಗೋಪುರ (ಫಿರಂಗಿ ಇರುವ, ಸುತ್ತ ತಿರುಗುವ ಮೇಲ್ಭಾಗ) ತಿರುಗದೆ ಕಚ್ಚಿಕೊಂಡಿತು. ಒಳಗಿದ್ದ ಜರ್ಮನ್ ಸೈನಿಕರು ಬಿಟ್ಟು ಹೋದರು, ಟ್ಯಾಂಕ್ ಬ್ರಿಟಿಷರ ಕೈಸೇರಿತು. ಆಮೇಲೆ ಅದರ ಮೇಬ್ಯಾಕ್ ಎಚ್‌ಎಲ್ 210 ಎಂಜಿನ್ನನ್ನು ಒಳಭಾಗ ಕಾಣುವಂತೆ ಕೊಯ್ದು ಪ್ರದರ್ಶನಕ್ಕೆ ಇಟ್ಟರು. ಕೊಯ್ದ ಎಂಜಿನ್ ಮತ್ತೆ ಓಡುವುದಿಲ್ಲ, ಅಲ್ವಾ?

1990ರಲ್ಲಿ ದುರಸ್ತಿಗೆ ತೆಗೆದುಕೊಂಡಾಗ ಟ್ಯಾಂಕನ್ನು ಹೆಚ್ಚುಕಡಿಮೆ ಪೂರ್ತಿ ಬಿಚ್ಚಿದರು. ಮ್ಯೂಸಿಯಂನದೇ ಇನ್ನೊಂದು ಜರ್ಮನ್ ಟ್ಯಾಂಕ್ ಟೈಗರ್ 2ರ ಎಚ್‌ಎಲ್ 230 ಎಂಜಿನ್ ತಂದು ಕೂರಿಸಿದರು. ಬೆಂಕಿ ನಂದಿಸುವ ಹೊಸ ವ್ಯವಸ್ಥೆಯನ್ನೂ ಹಾಕಿದರು. ಸುಮ್ನೆ ‘ಎಲ್ಲಾ ಮೂಲದ್ದೇ’ ಅಂದುಬಿಟ್ಟರೆ ಈ ಕೆಲಸವೇ ಮರೆಯಾಗುತ್ತದೆ, ಅದು ನನಗೆ ಬೇಸರ. ಟ್ಯಾಂಕ್ ಮ್ಯೂಸಿಯಂಗೆ ಮರಳಿದ್ದು 2003ರ ಡಿಸೆಂಬರ್‌ನಲ್ಲಿ.